ಮೀಟರ್ ಕೊಳ್ಳದೇ ಬಿಟ್ಟ ಪೆಟ್ಟಿಗೆ

ಗೆಳೆಯ ಮೀಟರ್ ತೀರಿಕೊಂಡ ಮೇಲಿನ ಆರು ವಾರಗಳಲ್ಲಿ ಪಂಡಿತ ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ಅವನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಆ ಆರು ವಾರಗಳಲ್ಲಿ ಕುಡಿಯುವ ನೀರಿನ ಕೊಳವೆಗಳ ಬಗ್ಗೆ ಯಾರೋ ಎಂಜಿನಿಯರ್ ಬರೆದ ದಪ್ಪ ಪುಸ್ತಕವೊಂದನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿ ಕೊಟ್ಟ. ಒಂದು ಅಲ್ಪವಿರಾಮವೂ ಅವನ ಕಣ್ಣು ತಪ್ಪಿಸಿಕೊಂಡು ಹೋಗಲಿಲ್ಲ. ಪುಸ್ತಕದಲ್ಲಿ ಏನಿದೆ ಎಂದು ಕೇಳಿದ್ದರೆ ಮಾತ್ರ ಒಂದು ಸಾಲೂ ಹೇಳಲು ಬರುತ್ತಿರಲಿಲ್ಲ. ಊಟ ಮಾಡಿದ, ಬಟ್ಟೆ ಒಗೆದ, ಬಸ್ಸು ಹತ್ತಿದ, ಇಳಿದ. ಕಣ್ಣಲ್ಲಿ ನೀರು ಬರಲಿಲ್ಲ. ಬರಲಿ ಎಂದು ಅವನು ಕಾಯಲೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗಿತ್ತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೆ.

ಮೀಟರ್ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಳತೆ ಮಾಡದೆ ಅವನು ಯಾವುದನ್ನೂ ನಂಬುತ್ತಿರಲಿಲ್ಲ. ಅಂಗಡಿಯಲ್ಲಿ ಟಾರ್ಚಿಗೆ ಶೆಲ್ಲು ಕೊಳ್ಳುವಾಗ ಜೇಬಿನಿಂದ ಮಲ್ಟಿಮೀಟರ್ ತೆಗೆದು ಒಂದೊಂದಕ್ಕೂ ಮುಟ್ಟಿಸಿ ನೋಡುತ್ತಿದ್ದ. ಒಮ್ಮೆ ಜ್ವರ ಬಂದಾಗ ಅಕ್ಕಪಕ್ಕದ ಮನೆಗಳಿಂದ ಮೂರು ಥರ್ಮಾಮೀಟರ್ ತರಿಸಿ, ಮೂರರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು ಎಂದು ಪತ್ತೆ ಮಾಡುವುದರಲ್ಲೇ ಮುಳುಗಿ ಮಾತ್ರೆ ನುಂಗುವುದನ್ನು ಮರೆತಿದ್ದ. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಕಟ್ಟಿಸಿಕೊಳ್ಳುವ ಹಲ್ಲು. ವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವುದು. ಮೂವತ್ತು ವರ್ಷ ಅದೇ ಬೆಂಚು, ಅದೇ ಕಿಟಕಿ. “ಈ ಊರಲ್ಲಿ ಅರ್ಧ ಮುದುಕ್ರು ನಗೋದು ನನ್ನ ಹಲ್ಲಲ್ಲಿ ಕಣೋ. ಒಬ್ರ ಮುಖಾನೂ ನೋಡಿಲ್ಲ ನಾನು,” ಎನ್ನುತ್ತಿದ್ದ.

ಪಂಡಿತ ಎಂಬ ಹೆಸರು ಕೊಟ್ಟವನೂ ಅವನೇ. ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಒಂದೇ ಕಟ್ಟಡದಲ್ಲಿದ್ದರು. ಕೆಳಮನೆಯ ಕರಡು ತಿದ್ದುವವನು ಕೆಟ್ಟ ರೇಡಿಯೋ ಹಿಡಿದು ಮೇಲ್ಮನೆಗೆ ಹೋದ. ರೇಡಿಯೋ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಎರಡು ತಪ್ಪುಗಳಿವೆ ಎಂದು ತೋರಿಸಿದ. “ಓಹೋ, ಪಂಡಿತರು! ರೇಡಿಯೋ ಹಾಡದಿದ್ರೂ ಪರವಾಗಿಲ್ಲ, ಪುಸ್ತಕ ಸರಿಯಿರ್ಬೇಕು ನಿಮಗೆ,” ಎಂದ ಮೀಟರ್. ಅವತ್ತು ಮೇಲೆ ಹೋದವನು ಕೆಳಗಿಳಿದದ್ದು ಸಂಜೆಗೆ. ಆಮೇಲೆ ಪಂಡಿತ ಬೇರೆ ಬೀದಿಗೆ ಮನೆ ಬದಲಿಸಿದರೂ ಭಾನುವಾರ ತಪ್ಪಲಿಲ್ಲ. ಹಿಂದಿನ ಕೋಣೆಯ ಮೇಜಿಗೆ ಆಚೆ ಮೀಟರ್, ಈಚೆ ಪಂಡಿತ. ಮೀಟರ್ ಬೆಸುಗೆ ಹಾಕುತ್ತಿದ್ದ. ಪಂಡಿತ ದೀಪ ಹಿಡಿಯುತ್ತಿದ್ದ, ಪುಸ್ತಿಕೆ ಓದಿ ಹೇಳುತ್ತಿದ್ದ, ಕೈಯಿಂದ ಜಾರಿದ ಸ್ಕ್ರೂ ಹುಡುಕಲು ಮೇಜಿನ ಕೆಳಗೆ ತೆವಳುತ್ತಿದ್ದ. ವಿದ್ಯುತ್ತಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಅವನು ಅಲ್ಲಿಗೆ ಹೋಗುತ್ತಿದ್ದದ್ದು ವಿದ್ಯುತ್ತಿಗಾಗಿ ಅಲ್ಲ.

ಆ ಮನೆಯಲ್ಲಿ ಇನ್ನೊಬ್ಬರಿದ್ದದ್ದು ಮೀಟರನ ಅಕ್ಕ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಇಳಿಯುವಾಗ ಎರಡೂ ಕಿವಿ ತೆಗೆದುಕೊಂಡು ಹೋಗಿತ್ತು. ಮಾತು ಬರುತ್ತದೆ, ಎಷ್ಟು ಗಟ್ಟಿಯಾಗಿ ಆಡುತ್ತಿದ್ದೇನೆ ಎಂಬುದು ಮಾತ್ರ ತಿಳಿಯುವುದಿಲ್ಲ. ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ. ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ತಿಳಿಯದಿದ್ದರೆ ನೋಟ್‌ಪುಸ್ತಕ ಮುಂದಕ್ಕೆ ತಳ್ಳುತ್ತಾಳೆ. ದರ್ಜಿಗಳು ಹೊಲಿದ ಅಂಗಿಗಳಿಗೆ ಕಾಜಾ ಕತ್ತರಿಸಿ, ಅಂಚು ಹೊಲಿದು, ಗುಂಡಿ ಹಾಕುವುದು ಅವಳ ಕೆಲಸ. ಕೇರಿಯ ನಾಲ್ಕು ದರ್ಜಿಗಳು ಅವಳನ್ನೇ ನೆಚ್ಚಿಕೊಂಡಿದ್ದರು. ಅವರ ಕಡೆಯವರು ಬಂದು ಬೆಲ್ಲು ಒತ್ತುತ್ತಾರೆ. ಬೆಲ್ಲು ಕೇಳುವುದು ತಮ್ಮನ ಕೆಲಸವಾಗಿತ್ತು.

ಹಾಗೆಂದೇ ಮೀಟರ್ ಒಂದು ಡಬ್ಬ ಮಾಡಲು ಹೊರಟದ್ದು. ತಾನು ಹಲ್ಲಿನ ಬೆಂಚಿನಲ್ಲಿರುವ ಹೊತ್ತು ಅಕ್ಕನಿಗೆ ಮನೆಯ ಸದ್ದುಗಳು ಕಾಣಬೇಕು. ಬಾಗಿಲ ಬೆಲ್ಲು ಒತ್ತಿದರೆ ಪ್ರತಿ ಕೋಣೆಯಲ್ಲೂ ಹಳದಿ ದೀಪ. ಕುಕ್ಕರ್ ಕೂಗಿದರೆ ಕೆಂಪು. ನಲ್ಲಿ ಬಿಟ್ಟು ಮರೆತರೆ ನೀಲಿ. ಅದಕ್ಕೆಂದು ಅಂಗಿಯ ಗುಂಡಿಯಷ್ಟೇ ಇದ್ದ ಮೈಕೊಂದನ್ನು ಕೊಳಾಯಿಗೆ ಅಂಟಿಸಿದ್ದ. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಕಾಗದದಲ್ಲಿ ನಕ್ಷೆಯೂ ಇಲ್ಲ. ಎಲ್ಲಾ ಅವನ ತಲೆಯಲ್ಲಿ.

ಆ ಡಬ್ಬಕ್ಕೆಂದು ಮಾಡಿದ ಮೊದಲನೆಯ ಬೋರ್ಡು ಸುಟ್ಟದ್ದು ಪಂಡಿತನ ಕೈಯಿಂದ.

ಮೇಜಿನ ಮೇಲಿದ್ದದ್ದು ಹಳೆಯ ಕಂಪ್ಯೂಟರಿನಿಂದ ಕಿತ್ತ ಪವರ್ ಡಬ್ಬ. ಅದಕ್ಕೆ ಕರೆಂಟು ಕೊಡುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಮೀಟರ್ ಎರಡೂ ಕೈಯಲ್ಲಿ ಏನನ್ನೋ ಹಿಡಿದುಕೊಂಡು, ತಲೆ ಎತ್ತದೆ, “ಕೆಂಪು ವೈರು ಬಲಕ್ಕೆ ಸಿಗಿಸು,” ಎಂದ. ಪಂಡಿತ ಬಲಕ್ಕೆ ಸಿಗಿಸಿದ. ತನ್ನ ಬಲಕ್ಕೆ. ಇಪ್ಪತ್ತು ವರ್ಷ ಎದುರುಬದುರು ಕೂತು ಕೆಲಸ ಮಾಡಿದವರು ಒಬ್ಬನ ಬಲ ಇನ್ನೊಬ್ಬನ ಎಡ ಎಂದು ಅವತ್ತಿನವರೆಗೆ ಯೋಚಿಸಿರಲಿಲ್ಲ. ಚಟ್ ಎಂದಿತು. ಹೊಗೆ ಬಂತು. ಮೀಟರ್ ಎದ್ದು ಕಿಟಕಿ ತೆಗೆದ. ನಾಲ್ಕು ತಿಂಗಳ ಕೆಲಸವದು.

“ತಪ್ಪು ನಿಂದಲ್ಲ,” ಎಂದ, ಬಂದು ಕೂತ ಮೇಲೆ. “ಪವರ್ ಡಬ್ಬದ್ದು. ಒಳ್ಳೆ ಪವರ್ ಸಪ್ಲೈ ಆಗಿದ್ರೆ, ಉಲ್ಟಾ ಸಿಗಿಸಿದ್ರೂ ‘ಇಷ್ಟಕ್ಕಿಂತ ಹೆಚ್ಚು ಕರೆಂಟ್ ಕೊಡಲ್ಲ’ ಅಂತ ಅಲ್ಲೇ ನಿಲ್ಲಿಸ್ತಿತ್ತು. ಒಂದು ಒಳ್ಳೇದು ತಗೋಬೇಕು.”

ಆ ಒಂದು ಒಳ್ಳೆಯದನ್ನು ಆರಿಸುವುದರಲ್ಲಿ ಹನ್ನೊಂದು ತಿಂಗಳು ಹೋಯಿತು. ಅಷ್ಟರಲ್ಲಿ ಎರಡನೆಯ ಬೋರ್ಡನ್ನು ಮೀಟರ್ ಪೂರ್ತಿ ಬೆಸೆದು ಮುಗಿಸಿ, ಕರೆಂಟು ಮಾತ್ರ ತೋರಿಸದೆ, ಹಲ್ಲಿನ ಸೆಟ್ಟು ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿಟ್ಟಿದ್ದ. ತಿಂಗಳಿಗೊಂದು ಶನಿವಾರ ಇಬ್ಬರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗುವರು. ಮೀಟರ್ ಒಂದೊಂದನ್ನೂ ತಿರುವಿ, ಎತ್ತಿ, ಕಿವಿಗೆ ಹಿಡಿದು, ಮೂಸಿಯೂ ನೋಡಿ, ಕೊನೆಗೆ “ನಾಳೆ ಬರ್ತೀನಿ,” ಎನ್ನುವನು. ಆಮೇಲೊಂದು ಮಂಗಳವಾರ ಹಲ್ಲಿನ ಬೆಂಚಿನ ಮುಂದೆ, ಪ್ಲಾಸ್ಟರ್ ಕಲಸುತ್ತಾ ಇದ್ದವನು ಹಾಗೇ ಮುಂದಕ್ಕೆ ಬಾಗಿದ. ಜೊತೆಗಿದ್ದವರು ಏನೋ ಹತ್ತಿರದಿಂದ ನೋಡುತ್ತಿದ್ದಾನೆ ಎಂದುಕೊಂಡರಂತೆ. ಬಟ್ಟಲಿನ ಪ್ಲಾಸ್ಟರ್ ಗಟ್ಟಿಯಾದ ಮೇಲೆ ಗೊತ್ತಾಯಿತಂತೆ.

ಅಕ್ಕ ಒಬ್ಬಳೇ ಉಳಿದಳು. ಹೊಲಿಗೆ ಮೆಷಿನ್ನು ಹಿಂದಿನ ಕಿಟಕಿಯ ಬೆಳಕಿನಿಂದ ಎದ್ದು ಮುಂಬಾಗಿಲ ಎದುರಿಗೆ ಬಂತು. ಬಾಗಿಲ ಕೆಳಗಿನ ಸಂದಿಯಲ್ಲಿ ಕಾಲಿನ ನೆರಳು ಕಂಡರೆ ಎದ್ದು ತೆಗೆಯುವುದು. ಬಾಗಿಲು ನೋಡುತ್ತಾ ಹೊಲಿದ ಕಾಜಾ ಅಂಕುಡೊಂಕಾಗುತ್ತಿತ್ತು. ಇಬ್ಬರು ದರ್ಜಿಗಳು ಬಟ್ಟೆ ಕಳಿಸುವುದು ನಿಲ್ಲಿಸಿದರು. ಐದನೆಯ ವಾರ, ಬಾಗಿಲ ಮೇಲೆಯೇ ಕಣ್ಣಿಟ್ಟು ಕೂತವಳಿಗೆ ಹಿಂದೆ ನಲ್ಲಿ ಬಿಟ್ಟದ್ದು ನೆನಪಿಗೆ ಬರಲಿಲ್ಲ. ಮನೆಯೆಲ್ಲಾ ನೀರಾಗಿ ಕೆಳಮನೆಯ ಸೂರಿನಿಂದ ತೊಟ್ಟಿಕ್ಕಿತು. ಕೆಳಮನೆಯವರು ಮನೆಯ ಮಾಲೀಕರಿಗೆ ಹೇಳಿದರು. ಮಾಲೀಕರು ಬೇರೆ ಊರಿನಲ್ಲಿದ್ದ ಅಕ್ಕನ ತಂಗಿಗೆ ಫೋನು ಮಾಡಿದರು. ತಿಂಗಳ ಕೊನೆಗೆ ಬಂದು ಕರೆದುಕೊಂಡು ಹೋಗುತ್ತೇನೆ, ಮೆಷಿನ್ನು ಮಾರಿಬಿಡು, ಎಂದು ತಂಗಿ ಸಂದೇಶ ಕಳಿಸಿದಳು.

“ಅವಳ ಮನೇಲಿ ನಾನೇನ್ ಮಾಡ್ಲಿ? ಗೋಡೆಗೆ ಒರಗಿ ಕೂತಿರ್ಲಾ?” ಎಂದು ಅಕ್ಕ ಕೆಳಮನೆಗೂ ಕೇಳುವಂತೆ ಅಂದಳು. “ಆ ಡಬ್ಬ ಇದ್ದಿದ್ರೆ ಇಲ್ಲೇ ಇರ್ತಿದ್ದೆ. ಎಲೆಕ್ಟ್ರಿಷಿಯನ್ನ ಕರೆಸಿದ್ದೆ. ಬೆಲ್ಲಿಗೊಂದು ಲೈಟ್ ಹಾಕ್ತೀನಿ, ಈ ಬೋರ್ಡು ಯಾರದೋ ತಲೆಯೊಳಗಿಂದ ಬಂದಿದ್ದು, ನಾನು ಕೈ ಹಾಕಲ್ಲ ಅಂದ. ಬರೀ ಬೆಲ್ಲಿಗಾದ್ರೆ ನಲ್ಲಿಗೇನು ಮಾಡ್ಲಿ?”

ಪಂಡಿತ ಹಿಂದಿನ ಕೋಣೆಗೆ ಹೋಗಿ ಮೀಟರನ ನೋಟ್‌ಪುಸ್ತಕ ತೆಗೆದ. ಕೊನೆಯ ಪುಟದಲ್ಲಿ ಹೀಗಿತ್ತು: “ಎರಡನೇ ಬೋರ್ಡು. ಮೊದಲ ಸಲ ಕೊಡುವಾಗ: ಹನ್ನೆರಡು ವೋಲ್ಟು. ಕರೆಂಟು:” ಅಲ್ಲಿಗೆ ಮುಗಿದಿತ್ತು. ಅಳೆಯದೆ ಅವನು ಬರೆಯುವವನಲ್ಲ.

“ನಾನು ಮಾಡ್ತೀನಿ,” ಎಂದ ಪಂಡಿತ, ತುಟಿ ಸರಿಯಾಗಿ ಕಾಣುವಂತೆ ತಿರುಗಿ.

ಅಕ್ಕ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ನಿಂಗೆ ಬಲ್ಬ್ ಹಾಕೋಕೆ ಬರುತ್ತಾ?”

“ಬರುತ್ತೆ.”

“ಸರಿ ಹಾಗಾದ್ರೆ,” ಎಂದಳು, ನಂಬಿಕೆಯೇನೂ ಇಲ್ಲದೆ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಪಂಡಿತ ಅಂಗಡಿಗೆ ಹೋದ. ಎರಡು ಬಾಗಿಲಿನ ಅಂಗಡಿ, ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರ ಮೇಲೂ ಅದರೊಳಗಿನ ವಸ್ತುವನ್ನೇ ಒಂದು ಅಂಟಿಸಿದ್ದರು. ಅಂಗಡಿಯವರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಅದನ್ನು ಹುಡುಕುವ ಮನುಷ್ಯ.

“ಬನ್ನಿ ಬನ್ನಿ. ಎಲ್ಲಿ, ನಾಳೆ ಸಾಹೇಬ್ರು ಬರ್ಲಿಲ್ವಾ? ಎರಡು ತಿಂಗಳಾಯ್ತು ನೋಡಿ. ಬೇರೆ ಅಂಗಡಿಗೆ ಹೋಗ್ತಿದ್ದಾರಾ ಹೇಗೆ?”

“ತೀರ್ಕೊಂಡ್ರು.”

ಆ ಮಾತನ್ನು ಆರು ವಾರದಲ್ಲಿ ಎಷ್ಟು ಜನಕ್ಕೆ ಹೇಳಿದ್ದನೋ. ಕರಡಿನಲ್ಲಿ ಒಂದೇ ತಪ್ಪನ್ನು ಪುಟಪುಟದಲ್ಲೂ ತಿದ್ದುವಾಗಿನಂತೆ ಬಾಯಿಗೆ ತಾನಾಗಿ ಬರುತ್ತಿತ್ತು. ಅಂಗಡಿಯವರು ಗಾಜಿನ ಮೇಜನ್ನು ಒರೆಸಲು ತೊಡಗಿದರು. ಅದು ಚೊಕ್ಕಟವಾಗಿಯೇ ಇತ್ತು.

“ಒಂದು ತಗೊಂಡೇ ಹೋಗ್ಬಾರ್ದಿತ್ತಾ,” ಎಂದರು ಕೊನೆಗೆ. “ಹನ್ನೊಂದು ಸಲ ಬಂದ್ರು. ಹನ್ನೊಂದು ಸಲಾನೂ ನಾನು ಗಂಟು ಬಿಚ್ಚಿ ತೋರಿಸ್ದೆ. ಬೈಕೊಳ್ತಿದ್ದೆ ಮನಸ್ಸಲ್ಲಿ, ಸುಳ್ಳ್ಯಾಕೆ ಹೇಳ್ಲಿ.”

“ನಾನೂ ಬೈತಿದ್ದೆ. ಎದುರಿಗೇ.”

“ಈಗ ನೀವು ನೋಡೋಕೆ ಬಂದ್ರಾ, ತಗೊಳ್ಳೋಕೆ ಬಂದ್ರಾ?”

“ತಗೊಳ್ಳೋಕೆ. ಇವತ್ತೇ.”

ಅಂಗಡಿಯವರು ಮೂರು ಪವರ್ ಸಪ್ಲೈ ಪೆಟ್ಟಿಗೆ ಇಳಿಸಿ ಸಾಲಾಗಿ ಇಟ್ಟರು. ಪಂಡಿತ ನೋಟ್‌ಪುಸ್ತಕ ತೆಗೆದು ಪಕ್ಕದಲ್ಲಿ ಹರಡಿದ. ಮೀಟರ್ ಪ್ರತಿಯೊಂದಕ್ಕೂ ಒಂದು ಪುಟ ಕೊಟ್ಟಿದ್ದ. ಪುಟದ ಕೊನೆಗೆ ಪ್ರತಿಯೊಂದನ್ನೂ ಹೊಡೆದು ಹಾಕಿದ್ದ. ಫ್ಯಾನು ಅರಚುತ್ತದೆ. ಮುಖ ಅಂದ, ಒಳಗೆ ಹಗುರ. ನಾಬ್ ಅಲ್ಲಾಡುತ್ತದೆ. ಸಿಗಿಸುವ ಜಾಗ ಸಡಿಲ. ಪಂಡಿತನಿಗೆ ತಿಳಿದ ಮಟ್ಟಿಗೆ ಇಷ್ಟೇ: ಒಂದು ನಾಬ್ ವೋಲ್ಟಿಗೆ, ಒಂದು ಕರೆಂಟಿಗೆ. ಕರೆಂಟಿನ ನಾಬ್ ಬೇಲಿಯಿದ್ದ ಹಾಗೆ, ಹಾಕಿದ್ದಕ್ಕಿಂತ ಒಂದು ಕೂದಲೂ ಹೆಚ್ಚು ಆಚೆ ಹೋಗಬಾರದು.

“ಮೊದಲು ಪರೀಕ್ಷೆ ಆಗ್ಲಿ,” ಎಂದು ಅಂಗಡಿಯವರು ಡ್ರಾಯರ್ ಎಳೆದು ಟಾರ್ಚಿನ ಸಣ್ಣ ಬಲ್ಬೊಂದನ್ನು ತೆಗೆದರು. ಅದಕ್ಕೆ ಎರಡು ವೈರು ಬೆಸೆದಿತ್ತು. “ಅವರದೇ. ಪ್ರತಿ ಸಲ ಜೇಬಿಂದ ತೆಗೀತಿದ್ರು. ಒಂದಿನ ಮರೆತು ಬಂದಿದ್ರಿಂದ ಎಷ್ಟು ಬೇಜಾರು ಮಾಡ್ಕೊಂಡ್ರು ಅಂದ್ರೆ, ಆಮೇಲೆ ಇಲ್ಲೇ ಇಟ್ಟುಹೋದ್ರು.”

ಪರೀಕ್ಷೆ ಹೀಗೆ: ಮೂರು ವೋಲ್ಟಿಗೆ ಇಟ್ಟು, ಬಲ್ಬು ಸಿಗಿಸಿ, ಸ್ವಿಚ್ಚು ಹತ್ತು ಸಲ ಹಾಕಿ ಆರಿಸುವುದು. ಅಂಕಿ ಏನು ತೋರಿಸುತ್ತದೆ ಎಂದು ನೋಡುವುದಲ್ಲ. ಅಂಕಿ ನಿಧಾನ, ಬಲ್ಬು ಚುರುಕು. ಹಾಕಿದ ಕ್ಷಣದಲ್ಲಿ, ಆರಿಸಿದ ಕ್ಷಣದಲ್ಲಿ, ಪೆಟ್ಟಿಗೆ ಗೊತ್ತಿಲ್ಲದ ಹಾಗೆ ಹೆಚ್ಚಿಗೆ ಉಗುಳಿದರೆ ಬಲ್ಬು ಬೆಳ್ಳಗೆ ಮಿಂಚುತ್ತದೆ. ಮಿಂಚಿತೋ, ಅದು ಮನೆಗೆ ಬರಬಾರದು.

ಮೊದಲನೆಯ ಪೆಟ್ಟಿಗೆಗೆ ಅಂಗೈಯಗಲದ ಬಣ್ಣದ ಪರದೆ. ಆರನೆಯ ಸಲ ಸ್ವಿಚ್ಚು ಆರಿಸಿದಾಗ ಬಲ್ಬು ಚಳಕ್ಕನೆ ಮಿಂಚಿತು. ಅಂಗಡಿಯವರು ಅದನ್ನೆತ್ತಿ ಕೆಳಗಿಟ್ಟರು. ಎರಡನೆಯದು ಹತ್ತು ಸಲವೂ ಸುಮ್ಮನೆ ಹತ್ತಿ ಸುಮ್ಮನೆ ಆರಿತು. ಚಿಕ್ಕದು, ಒಂದೇ ಕೈಯಲ್ಲಿ ಎತ್ತಬಹುದು, ಸದ್ದಿಲ್ಲ. ನಾಬ್ ಮಾತ್ರ ಒಂದೇ. ಒತ್ತಿದರೆ ಬಿಡಿ ಸ್ಥಾನಕ್ಕೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಹತ್ತರ ಸ್ಥಾನಕ್ಕೆ. ಪಂಡಿತ ಹನ್ನೆರಡಕ್ಕೆ ತಂದ. ಒಂದಿಷ್ಟು ಸರಿಪಡಿಸೋಣ ಎಂದು ಬೆರಳಿಟ್ಟ. ಇಪ್ಪತ್ತೆರಡಾಯಿತು. ಕೈ ಹಿಂತೆಗೆದುಕೊಂಡ.

“ಅಭ್ಯಾಸ ಆಗುತ್ತೆ,” ಎಂದರು ಅಂಗಡಿಯವರು.

“ನನ್ನ ಹತ್ರ ಇರೋದು ಒಂದೇ ಬೋರ್ಡು. ಅಭ್ಯಾಸ ಮಾಡ್ಕೊಳ್ಳೋಕೆ ಇನ್ನೊಂದಿಲ್ಲ.”

ಮೂರನೆಯದು ಹಳೆಯ ಮಾದರಿ. ಪರದೆಯಿಲ್ಲ, ಗಡಿಯಾರದ ಹಾಗೆ ಮುಳ್ಳಿನ ಎರಡು ಮೀಟರು, ಎರಡು ದಪ್ಪ ನಾಬ್, ಕೆಂಪು ದೀಪವೊಂದು ಹಸಿರು ದೀಪವೊಂದು. ಒಳಗೆ ಇಟ್ಟಿಗೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರು. ಬಲ್ಬು ಹತ್ತೂ ಸಲ ಸಂಜೆಯ ದೀಪದಂತೆ ಮೆಲ್ಲಗೆ ಹತ್ತಿತು, ಮೆಲ್ಲಗೆ ಆರಿತು. ನಾಬ್ ಎಷ್ಟು ತಿರುಗಿಸಿದರೆ ಮುಳ್ಳು ಅಷ್ಟೇ ನಡೆಯಿತು. ಪಂಡಿತ ನೋಟ್‌ಪುಸ್ತಕದಲ್ಲಿ ಅದರ ಪುಟ ಹುಡುಕಿದ. ಅದನ್ನೇಕೆ ಹೊಡೆದು ಹಾಕಿದ್ದ? ಪುಟವೆಲ್ಲಾ ಸರಿ, ಸರಿ, ಸರಿ. ಕೊನೆಗೆ ಒಂದು ಸಾಲು: “ಭಾರ. ಮೇಜು ಒರೆಸುವಾಗ ಅಕ್ಕ ಎತ್ತಲಾರಳು.”

ಪಂಡಿತ ಆ ಸಾಲನ್ನು ಎರಡು ಸಲ ಓದಿದ. ಏನಾದರೂ ಅನ್ನಿಸಬೇಕಿತ್ತು. ಬಸ್ಸಿನಲ್ಲಿ ಇದನ್ನು ಹೇಗೆ ಒಯ್ಯುವುದು ಎಂದಷ್ಟೇ ಅನ್ನಿಸಿತು.

“ಇದನ್ನೇ ಕೊಡಿ. ಮೇಜು ಒರೆಸೋವಾಗ ನಾನು ಹೋಗಿ ಎತ್ತಿಡ್ತೀನಿ.”

“ವಾರಕ್ಕೊಂದ್ಸಲಾನಾ?”

“ಭಾನುವಾರ ಒರೆಸ್ತಾರೆ.”

ಅಂಗಡಿಯವರು ಹಗ್ಗದಿಂದ ಕಟ್ಟಿ ಹಿಡಿ ಮಾಡಿಕೊಟ್ಟರು. “ಬೋರ್ಡಿಗೆ ಕೊಡೋವಾಗ ಕರೆಂಟು ಕಮ್ಮಿಯಿಂದ ಶುರು ಮಾಡಿ. ಏನಾದ್ರೂ ಆದ್ರೆ ಫೋನ್ ಮಾಡಿ,” ಎಂದು ತಮ್ಮ ನಂಬರನ್ನು ಪೆಟ್ಟಿಗೆಯ ಮೇಲೆಯೇ ಬರೆದರು. ಬಲ್ಬನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತು, ಮತ್ತೆ ತಮ್ಮ ಡ್ರಾಯರಿಗೇ ಹಾಕಿಕೊಂಡರು. ಪಂಡಿತ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಕೋಣೆಯ ಮೇಜಿನ ಮೇಲೆ ಪೆಟ್ಟಿಗೆ ಕೂತಿತು. ಪಂಡಿತ ತನ್ನ ಕುರ್ಚಿಯನ್ನು ಬಿಟ್ಟು ಆಚೆ ಬದಿಗೆ, ಮೀಟರನ ಕುರ್ಚಿಯಲ್ಲಿ ಕೂತ. ಬೇರೆ ಉದ್ದೇಶವೇನೂ ಇರಲಿಲ್ಲ, ಬಲ ಎಡ ಈ ಸಲ ಅದಲುಬದಲಾಗಬಾರದು. ರಟ್ಟಿನ ಪೆಟ್ಟಿಗೆಯಿಂದ ಬೋರ್ಡನ್ನು ಹತ್ತಿಯ ಸಮೇತ ಹೊರತೆಗೆದ. ಮೂರು ಬಣ್ಣದ ದೀಪಗಳು, ಎರಡು ಮೈಕು, ಬೆಲ್ಲಿನ ಗುಂಡಿ, ಎಲ್ಲದರ ವೈರುಗಳನ್ನು ಮೀಟರ್ ಗೋಡೆಯುದ್ದಕ್ಕೂ ಎಳೆದು ತುದಿಗಳಿಗೆ ಚೀಟಿ ಕಟ್ಟಿಟ್ಟಿದ್ದ. ಪಂಡಿತ ಒಂದೊಂದೇ ಚೀಟಿ ಓದಿ ಸಿಗಿಸಿದ. ಓದುವುದು ಅವನಿಗೆ ಗೊತ್ತಿದ್ದ ಕೆಲಸ. ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

ವೋಲ್ಟು ಹನ್ನೆರಡಕ್ಕೆ ತಂದ. ಕರೆಂಟಿನ ನಾಬನ್ನು ಪೂರ್ತಿ ಎಡಕ್ಕೆ, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದ. ಕೆಂಪು, ಕಪ್ಪು, ಮೂರು ಸಲ ನೋಡಿದ. ಸಿಗಿಸಿದ.

ಹನ್ನೆರಡರಲ್ಲಿದ್ದ ಮುಳ್ಳು ದೊಪ್ಪನೆ ಸೊನ್ನೆಗೆ ಬಿತ್ತು. ಹಸಿರು ಆರಿ ಕೆಂಪು ಹತ್ತಿತು. ಬೋರ್ಡಿನಲ್ಲಿ ಏನೂ ಆಗಲಿಲ್ಲ. ಹೊಗೆಯಿಲ್ಲ, ಸದ್ದಿಲ್ಲ. ಕಿತ್ತರೆ ಮುಳ್ಳು ಹನ್ನೆರಡಕ್ಕೆ ಏರುತ್ತದೆ, ಸಿಗಿಸಿದರೆ ಬೀಳುತ್ತದೆ. ಮೊದಲ ಬೋರ್ಡು ಸುಟ್ಟ ಮೇಲೆ ಮೀಟರ್ ಅದನ್ನು ಪರೀಕ್ಷಿಸುವಾಗಲೂ ಅವನ ಮಲ್ಟಿಮೀಟರಿನ ಅಂಕಿ ಹೀಗೇ ಬಿದ್ದದ್ದು ಪಂಡಿತನಿಗೆ ನೆನಪಿತ್ತು. “ಒಳಗೆ ಎಲ್ಲಾ ಒಂದಾಗೋಗಿದೆ, ಇನ್ನು ಇದು ಬರೀ ಹಲಗೆ,” ಎಂದಿದ್ದ ಆಗ.

ಪಂಡಿತ ಅಕ್ಕನ ನೋಟ್‌ಪುಸ್ತಕ ಎಳೆದುಕೊಂಡು ಬರೆದ: “ಹೋಗಿದೆ.”

ಅಕ್ಕ ಓದಿದಳು. “ಆಯ್ತು ಬಿಡು. ಹೊರಡೋದೇ ಆದ್ರೆ ತಿಂಗಳ ಕೊನೆ ಯಾಕೆ, ಶನಿವಾರನೇ ಬಾ ಅಂತ ಅವಳಿಗೆ ಹೇಳ್ತೀನಿ,” ಎಂದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೋಗಿ ಮುಂಬಾಗಿಲ ಎದುರಿನ ಮೆಷಿನ್ನಿಗೆ ಹೊದಿಕೆ ಹಾಕತೊಡಗಿದಳು.

ಪಂಡಿತ ನೋಟ್‌ಪುಸ್ತಕ ಹಿಡಿದು ಅವಳ ಹಿಂದೆಯೇ ಹೋದ. ನಿಂತುಕೊಂಡೇ ಇನ್ನೊಂದು ಸಾಲು ಬರೆದು ಮುಂದೆ ಹಿಡಿದ: “ಮೊದಲನೇದನ್ನ ಸುಟ್ಟಿದ್ದೂ ನಾನೇ. ಅದಿದ್ದಿದ್ರೆ ಹೋದ ವರ್ಷವೇ ಆಗ್ತಿತ್ತು.”

“ಗೊತ್ತು,” ಎಂದಳು ಅಕ್ಕ, ಹೊದಿಕೆಯ ದಾರ ಕಟ್ಟುತ್ತಾ. “ಅವತ್ತೇ ಹೇಳ್ದ. ಪಂಡಿತ ಸುಟ್ಟುಬಿಟ್ಟ ಕಣೆ, ಮುಖ ನೋಡ್ಬೇಕಿತ್ತು, ಪ್ಲಾಸ್ಟರ್ ಹಾಕಿದ ಹಾಗಿತ್ತು ಅಂತ ನಗಾಡಿ ನಗಾಡಿ ಹೇಳ್ದ. ನಿಂಗೆ ಹೇಳ್ಬೇಡ ಅಂದಿದ್ದ.”

ಪಂಡಿತ ಅಲ್ಲೇ ನಿಂತ. ಮೀಟರ್ ನಕ್ಕಿದ್ದ. ಒಂದು ವರ್ಷ ಇವನು ಹೊತ್ತು ತಿರುಗಿದ್ದನ್ನು ಅವನು ಅವತ್ತೇ ನಕ್ಕು ಮುಗಿಸಿದ್ದ. ಇದಕ್ಕೆ ಹಗುರಾಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಎರಡೂ ಆಗಲಿಲ್ಲ. ಮಾಡಲು ಉಳಿದ ಕೆಲಸ ಒಂದೇ, ಪೆಟ್ಟಿಗೆ ವಾಪಸು ಕೊಡುವುದು. ಅದರ ಮೇಲಿದ್ದ ನಂಬರಿಗೆ ಫೋನು ಮಾಡಿದ.

“ವಾಪಸ್ಸಾ? ಪೆಟ್ಟಿಗೇಗೇನಾಯ್ತು?” ಎಂದರು ಅಂಗಡಿಯವರು.

“ಪೆಟ್ಟಿಗೆ ಚೆನ್ನಾಗಿದೆ. ಬೋರ್ಡು ಹೋಗಿದೆ. ಸಿಗಿಸಿದ ಕೂಡ್ಲೆ ವೋಲ್ಟು ಸೊನ್ನೆಗೆ ಬೀಳುತ್ತೆ.”

“ಕರೆಂಟಿನ ನಾಬ್ ಎಲ್ಲಿಟ್ಟಿದ್ದೀರಿ?”

“ಪೂರ್ತಿ ಎಡಕ್ಕೆ.”

“ಪೂರ್ತಿ ಅಂದ್ರೆ?”

“ಸೊನ್ನೆಗೆ. ಸುಡಬಾರ್ದು ಅಂತ.”

ಅಂಗಡಿಯವರು ಬಹಳ ನಿಧಾನವಾಗಿ ಹೇಳಿದರು: “ಸಾರ್, ಕಮ್ಮಿಯಿಂದ ಶುರು ಮಾಡಿ ಅಂದೆ. ಏನೂ ಕೊಡ್ಬೇಡಿ ಅನ್ಲಿಲ್ಲ. ಹೊಟ್ಟೆ ಕೆಡುತ್ತೆ ಅಂತ ಮಗೂಗೆ ಹಾಲೇ ಕೊಡ್ದೆ, ಮಗು ಏಳ್ತಿಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದ ಹಾಗಾಯ್ತು ನಿಮ್ಮ ಕಥೆ.”

“ಹಾಗಾದ್ರೆ ಹೋಗಿಲ್ವಾ?”

“ಅದು ನಂಗೆ ಹೇಗೆ ಗೊತ್ತಾಗ್ಬೇಕು ಇಲ್ಲಿಂದ? ಫೋನ್ ಇಡ್ಬೇಡಿ. ಮೇಜಿನ ಹತ್ರ ಹೋಗಿ. ಸಿಗಿಸಿ. ಆ ನಾಬನ್ನ ಬಲಕ್ಕೆ, ಒಂದು ಅಕ್ಕಿಕಾಳಿನಷ್ಟು ತಿರುಗಿಸಿ. ಮೂಗು ಹತ್ರ ಇರ್ಲಿ. ವಾಸನೆ ಬಂದ್ರೆ ತಕ್ಷಣ ಎಡಕ್ಕೆ.”

ಪಂಡಿತ ಫೋನನ್ನು ಮೇಜಿನ ಮೇಲಿಟ್ಟು ಕೂತ. ಬಲಕ್ಕೆ, ಅಕ್ಕಿಕಾಳಿನಷ್ಟು. ವೋಲ್ಟಿನ ಮುಳ್ಳು ಎರಡಕ್ಕೆ ಬಂತು. ಮೂಸಿದ, ಏನೂ ಇಲ್ಲ. ಇನ್ನಷ್ಟು. ನಾಲ್ಕು. ಬೆರಳ ಹಿಂಭಾಗದಿಂದ ಬೋರ್ಡನ್ನು ಮುಟ್ಟಿ ನೋಡಿದ, ತಣ್ಣಗಿತ್ತು. ಇದೊಂದು ಸುಟ್ಟರೆ ಇನ್ನೊಂದನ್ನು ಮಾಡುವ ಕೈ ಇಲ್ಲ ಎಂಬುದನ್ನು ಬೇರೆ ಯಾರದೋ ಸುದ್ದಿ ಓದಿದ ಹಾಗೆ ಯೋಚಿಸಿದ. ಆರು. ಏಳೂವರೆ. ಒಂಬತ್ತರ ಹತ್ತಿರ ಬೋರ್ಡಿನಲ್ಲಿದ್ದ ಸಣ್ಣ ಕಪ್ಪು ಡಬ್ಬಿ, ಚಳಿಯಲ್ಲಿ ಹಲ್ಲು ಕಟಕಟಿಸುವಂತೆ, ಟಕಟಕಟಕ ಎನ್ನತೊಡಗಿತು.

“ಏನದು ಸದ್ದು?” ಎಂದಿತು ಫೋನು.

“ಹಲ್ಲು ಕಡೀತಿದೆ.”

“ರಿಲೇ ಅದು, ಒಳಗಿನ ಸ್ವಿಚ್ಚು. ಇನ್ನೂ ಹಸಿವು ತೀರಿಲ್ಲ. ಕೊಡಿ, ಕೊಡಿ.”

ಇನ್ನೊಂದು ಕಾಳಿನಷ್ಟು. ಟಕ್ ಎಂದು ಒಂದೇ ಸಲ ಸದ್ದಾಗಿ ಎಲ್ಲಾ ಸುಮ್ಮನಾಯಿತು. ಕೆಂಪು ಆರಿ ಹಸಿರು ಹತ್ತಿತು. ಮುಳ್ಳು ಹನ್ನೆರಡರ ಮೇಲೆ ಬಂದು ನಿಂತಿತು. ಪಂಡಿತ ಇನ್ನೂ ಸ್ವಲ್ಪ ತಿರುಗಿಸಿದ, ಮುಳ್ಳು ಕದಲಲಿಲ್ಲ. ಬೇಕಾದಷ್ಟನ್ನು ಬೋರ್ಡು ತೆಗೆದುಕೊಂಡಿತ್ತು. ಬೇರೇನನ್ನೂ ಕೇಳುತ್ತಿರಲಿಲ್ಲ.

“ನಿಂತಿತು,” ಎಂದ.

“ಕರೆಂಟಿನ ಮುಳ್ಳು ಎಲ್ಲಿದೆ?”

“ಮೂರರ ಗೆರೆ ದಾಟಿದೆ, ನಾಲ್ಕಕ್ಕೆ ಮುಟ್ಟಿಲ್ಲ.”

“ಅಷ್ಟು ಸಾಕು. ಅದಕ್ಕೆ ಸರಿಯಾದ ಪುಟ್ಟ ಅಡಾಪ್ಟರ್ ನಾಳೆ ತೆಗೆದಿಡ್ತೀನಿ, ಆಮೇಲೆ ಡಬ್ಬ ಅದರ ಮೇಲೇ ನಡೆಯುತ್ತೆ. ಅಲ್ಲೀವರೆಗೆ ಈ ಪೆಟ್ಟಿಗೇನೇ ನಡೆಸ್ಲಿ. ಬರ್ತೀರಲ್ಲ ನಾಳೆ?”

“ನಾಳೆ ಬರ್ತೀನಿ,” ಎಂದ ಪಂಡಿತ. ಫೋನು ಇಟ್ಟರು.

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ಹತ್ತು ಎಣಿಸುವಷ್ಟರಲ್ಲಿ ಕಿಟಕಿಯ ಮೇಲೆ, ಮುಂದಿನ ಕೋಣೆಯಲ್ಲಿ, ನಡುವಿನ ಓಣಿಯಲ್ಲಿ ನೀಲಿ ದೀಪ ಹತ್ತಿತು. ಮುಂದಿನ ಕೋಣೆಯಿಂದ ಅಕ್ಕ ಓಡಿ ಬಂದಳು. ನಲ್ಲಿಯ ಮುಂದೆ ನಿಂತಿದ್ದ ಪಂಡಿತನನ್ನು ಬದಿಗೆ ತಳ್ಳಿ ನಲ್ಲಿ ನಿಲ್ಲಿಸಿದಳು. ನೀಲಿ ಆರಿತು. ಅವಳು ದೀಪವನ್ನು ನೋಡಿದಳು, ನಲ್ಲಿಯನ್ನು ನೋಡಿದಳು. ತಾನೇ ಮತ್ತೆ ನಲ್ಲಿ ಬಿಟ್ಟಳು, ಮತ್ತೆ ನಿಲ್ಲಿಸಿದಳು.

“ಹೋಗಿದೆ ಅಂತ ಬರೆದಿದ್ದೆಯಲ್ಲ?”

“ತಪ್ಪು ಬರೆದಿದ್ದೆ.”

“ತಿದ್ದೋದೇ ನಿನ್ನ ಕೆಲಸ ಅಲ್ವೇನೋ!” ಎಂದು ಬೀದಿಗೆಲ್ಲಾ ಕೇಳುವಂತೆ ಅಂದಳು. ಕುಕ್ಕರಿಗೆ ಬರೀ ನೀರು ಹಾಕಿ ಒಲೆಯ ಮೇಲಿಟ್ಟರು. ಅದು ಕೂಗುವವರೆಗೆ ಇಬ್ಬರೂ ಅದರ ಮುಂದೆ ನಿಂತರು. ಕೆಂಪು ಹತ್ತಿತು.

ಆಮೇಲೆ ಅಕ್ಕ ಮೆಷಿನ್ನಿನ ಹೊದಿಕೆ ತೆಗೆದಳು. ಇಬ್ಬರೂ ಸೇರಿ ಅದನ್ನು ಎತ್ತಿ ಹಿಂದಿನ ಕಿಟಕಿಯ ಬೆಳಕಿಗೆ, ಅದರ ಹಳೆಯ ಜಾಗಕ್ಕೆ ಇಟ್ಟರು. ಅವಳು ಬಾಗಿಲಿಗೆ ಬೆನ್ನು ಹಾಕಿ ಕೂತಳು. ಎದುರಿನ ಗೋಡೆಯಲ್ಲಿ ದೀಪವಿತ್ತು. “ಹೋಗು. ಆಚೆ ಹೋಗಿ ಬೆಲ್ಲು ಒತ್ತು,” ಎಂದಳು.

ಪಂಡಿತ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಒತ್ತಿದ. ಒಳಗೆ ಹೆಜ್ಜೆ ಧಡಧಡನೆ ಬಂತು, ಬಾಗಿಲು ತೆರೆಯಿತು. “ಹಳದಿ ಬಂತು. ಇನ್ನೊಂದ್ಸಲ.” ಮತ್ತೆ ಒತ್ತಿದ, ಮತ್ತೆ ಓಡಿ ಬಂದಳು. “ಇನ್ನೊಂದ್ಸಲ.” ನಾಲ್ಕು ಸಲ ಹೀಗಾಯಿತು. ಯಾರು ಒತ್ತುತ್ತಿದ್ದಾರೆ ಎಂದು ಗೊತ್ತಿದ್ದೂ ಪ್ರತಿ ಸಲ ಹೊಸಬರು ಬಂದ ಹಾಗೆ ಓಡಿ ಬಂದು ತೆರೆಯುತ್ತಿದ್ದಳು.

ಐದನೆಯ ಸಲ ಒತ್ತಿದಾಗ ಹೆಜ್ಜೆ ಸದ್ದು ಬರಲಿಲ್ಲ.

ಪಂಡಿತ ಕಾದ. ದೀಪ ಹತ್ತಲಿಲ್ಲವೇ? ಬೋರ್ಡೇನಾದರೂ? ಕಿವಿಯನ್ನು ಬಾಗಿಲಿಗೆ ಇಟ್ಟ. ಒಳಗೆ, ದೂರದಲ್ಲಿ, ಮೆಷಿನ್ನು ಓಡುತ್ತಿತ್ತು. ಓಡಿತು, ನಿಂತಿತು, ಬಟ್ಟೆ ಸರಿಸುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಓಡಿತು. ಮೆಟ್ಟಿಲ ಕಿಂಡಿಯಿಂದ ಬಿಸಿಲು ಬಂದು ಅವನ ಕಾಲ ಮೇಲೆ ಬಿದ್ದಿತ್ತು. ಬೆಚ್ಚಗಿದೆ ಎಂದು ಸ್ವಲ್ಪ ತಡವಾಗಿ ಗೊತ್ತಾಯಿತು. ಇನ್ನೊಮ್ಮೆ ಒತ್ತೋಣ ಎಂದು ಕೈ ಎತ್ತಿ, ಒತ್ತದೆ ಇಳಿಸಿದ.

ಮೆಷಿನ್ನು ನಿಂತಿತು. ಕತ್ತರಿ ದಾರ ಕತ್ತರಿಸಿದ ಸದ್ದು. ಅವಸರವಿಲ್ಲದ ಹೆಜ್ಜೆಗಳು. ಅಕ್ಕ ಬಾಗಿಲು ತೆಗೆದಳು. ಕೈಯಲ್ಲೊಂದು ಅಂಗಿ ಇತ್ತು, ಅದರ ಕಾಜಾ ನೂಲು ಹಿಡಿದ ಹಾಗೆ ನೆಟ್ಟಗಿತ್ತು.

“ಹಳದಿ ಆಗ್ಲೇ ಬಂತು,” ಎಂದಳು. “ಅರ್ಧ ಕಾಜಾದಲ್ಲಿದ್ದೆ. ಬಂದೋರು ಸ್ವಲ್ಪ ಕಾಯ್ಲಿ ಅಂತ ಬಿಟ್ಟೆ.”

ಮತ್ತೆ, ಒಳಗೆ ತಿರುಗುತ್ತಾ, “ಬಾ. ತಂಗಿಗೆ ಏನಂತ ಬರೀಬೇಕೋ ನೀನೇ ಬರೆದುಕೊಡು. ತಪ್ಪಿಲ್ಲದ ಹಾಗೆ,” ಎಂದಳು.